ಅಪ್ಪ ಗುಜರಿಗೆ ಹೋದ ಭಾನುವಾರ

ಆ ಕಾಲದಲ್ಲಿ ಅಹಮದಾಬಾದಿನ ಮಣಿನಗರದ ಆ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಪಾರಿವಾಳಗಳ ಗದ್ದಲಕ್ಕೆ. ಗ್ಯಾಲರಿಯ, ಎಂದರೆ ಬಾಲ್ಕನಿಯ, ಕಬ್ಬಿಣದ ಜಾಲರಿಯ ಮೇಲೆ ಅವು ಕೂತು ಗುಟುರು ಹಾಕಲು ಶುರುಮಾಡಿದರೆ ಮತ್ತೆ ನಿದ್ದೆ ಇಲ್ಲ. ಎದ್ದು ಹಾಸಿಗೆ ಸುತ್ತಿಡುವುದು, ಮುಖ ತೊಳೆಯುವುದು, ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದ ಬೆಳಗಿನ ಪ್ರಾರ್ಥನೆಯನ್ನು ಯಾರಿಗೂ ಕೇಳದ ಹಾಗೆ ಹೇಳಿಕೊಳ್ಳುವುದು, ಆಮೇಲೆ ಗ್ಯಾಲರಿಯಲ್ಲಿ ನಿಂತು ಜಡೆ ಹಾಕಿಕೊಳ್ಳುವುದು. ಆಗ ಬೇಸಿಗೆ. ಯಾವ ಮನೆಯ ಬಾಗಿಲು ತೆರೆದರೂ ಉಪ್ಪಿನಕಾಯಿಗೆ ಹುರಿದ ಮೆಂತ್ಯದ ವಾಸನೆ. ದೂರದಲ್ಲಿ ಸ್ಟೇಷನ್ನಿನ ಮೈಕು ಯಾವುದೋ ರೈಲಿನ ಹೆಸರು ಕೂಗುತ್ತಿರುತ್ತಿತ್ತು. ಆ ಭಾನುವಾರವೂ ಎಲ್ಲ ಹಾಗೇ ಆಯಿತು. ಅಡುಗೆಮನೆಯಲ್ಲಿ ಮಾತ್ರ ಪದ್ಮಾ ಆಂಟಿ ಇರಲಿಲ್ಲ. ಉಪ್ಪಿಟ್ಟಿಗೆ ಹೆಚ್ಚಿದ ಈರುಳ್ಳಿ ತಟ್ಟೆಯಲ್ಲಿ ಹಾಗೇ ಇತ್ತು, ಅರ್ಧ ಹೆಚ್ಚಿದ್ದು ಚಾಕುವಿನ ಪಕ್ಕದಲ್ಲಿತ್ತು.

ನಾವು ಮೈಸೂರಿನಿಂದ ಅಲ್ಲಿಗೆ ಹೋದದ್ದು ಅಪ್ಪನ ಹೃದಯದ ಆಪರೇಷನ್ನಿಗೆ. ಅಪ್ಪನ ಜೊತೆ ಓದಿದ್ದ ಶಂಕರ ಅಂಕಲ್ ರೈಲ್ವೆಯಲ್ಲಿದ್ದರು. “ಇಲ್ಲಿ ದೊಡ್ಡ ಡಾಕ್ಟರಿದ್ದಾರೆ, ನಮ್ಮನೆ ಇದೆ, ಬಂದ್ಬಿಡೋ” ಎಂದು ಅವರೇ ಕರೆಸಿಕೊಂಡಿದ್ದರು. ಅಮ್ಮ ಹಗಲೂ ರಾತ್ರಿ ಆಸ್ಪತ್ರೆಯಲ್ಲಿ. ನಾನು ಅಂಕಲ್, ಅವರ ಹೆಂಡತಿ ಪದ್ಮಾ ಆಂಟಿ ಮತ್ತು ಅವರ ಮಗಳು ಸ್ವಾತಿಯ ಜೊತೆ ಮಣಿನಗರದಲ್ಲಿ. ನನಗಾಗ ಹನ್ನೊಂದು, ಸ್ವಾತಿ ನನಗಿಂತ ಎರಡು ವರ್ಷ ದೊಡ್ಡವಳು.

ಸ್ವಾತಿ ಹುಟ್ಟಿದ್ದು ಬೆಳೆದದ್ದು ಅಲ್ಲೇ. ಅವಳ ಕನ್ನಡವೆಲ್ಲ ಅಡುಗೆಮನೆಯಲ್ಲಿ ಕಲಿತದ್ದು. ಉಪ್ಪು, ಹುಳಿ, ಬಡಿಸು, ಸಾಕು, ಖಾಲಿ ಆಯ್ತು, ಇಷ್ಟರಲ್ಲೇ ಅವಳ ಸಂಸಾರ. ಅವಳ ಬಾಯಲ್ಲಿ ಹೆಂಗಸರೆಲ್ಲ ಗಂಡಸರಾಗುತ್ತಿದ್ದರು. “ಮಮ್ಮಿ ಬಂದ, ಸುಮಿ. ನಿನ್ನ ಕರೀತಾನೆ” ಎನ್ನುವಳು. ನಾನು ನಕ್ಕರೆ, “ನಿನ್ನ ಹಿಂದಿ ಏನು ಕಮ್ಮಿನಾ? ಪುಸ್ತಕ ಓದಿದ ಹಾಗೆ ಮಾತಾಡ್ತೀಯ” ಎಂದು ಹಿಂದಿಯಲ್ಲೇ ತಿರುಗಿಸಿ ಕೊಡುವಳು. ಅದು ನಿಜವೇ. ನನ್ನ ಹಿಂದಿ ಕಾನ್ವೆಂಟಿನ ಹಿಂದಿ. ವ್ಯಾಕರಣದಲ್ಲಿ ಒಂದು ಮಾರ್ಕೂ ಹೋಗದ ಹಿಂದಿ. ಗುಜರಾತಿ ಕೂಡ ಅದರ ತಂಗಿಯೇ ತಾನೇ ಎಂದು ಕೇಳಿದ ಮಾತನ್ನೆಲ್ಲ ಹಿಂದಿಗೆ ತಿರುಗಿಸಿಕೊಂಡು ಅರ್ಥಮಾಡಿಕೊಂಡುಬಿಡುತ್ತಿದ್ದೆ.

ಎದುರು ಮನೆಯ ಕೋಕಿಲಾಬೇನ್ ಅವರ ಮಗಳು ಹೇತಲ್ ನಮ್ಮ ಮೂರನೆಯವಳು. ಬಾಯಿ ಬಡಕಿ. ನನ್ನನ್ನು ಕರೆಯುತ್ತಿದ್ದುದೇ “ಏ ಇಡ್ಲಿ” ಎಂದು. ಮೂವರೂ ಸೇರಿ ಕೆಂಪು ಬಸ್ಸು ಹತ್ತಿ ಊರೆಲ್ಲ ಸುತ್ತಿದೆವು. ಕಾಂಕರಿಯಾ ಕೆರೆಯಲ್ಲಿ ದೋಣಿ ಹತ್ತಿದೆವು. ಅಲುಗಾಡುವ ಮಿನಾರು ನೋಡಿದೆವು. ಕಲ್ಲಿನಲ್ಲಿ ಮರ ಬಿಡಿಸಿದ್ದ ಮಸೀದಿಯ ಕಿಟಕಿಯ ಕೆಳಗೆ ಕುತ್ತಿಗೆ ನೋಯುವವರೆಗೆ ನಿಂತೆವು. ಐಸ್ ಗೋಲಾ ತಿಂದು ನಾಲಗೆ ಹಸಿರು ಮಾಡಿಕೊಂಡು, ಯಾರದು ಹೆಚ್ಚು ಹಸಿರು ಎಂದು ಬಸ್‌ಸ್ಟಾಪಿನಲ್ಲಿ ನಾಲಗೆ ಚಾಚಿ ನಿಂತು ಬೈಸಿಕೊಂಡೆವು.

ಅಲೆದದ್ದಕ್ಕೆ ಒಂದು ಕಾರಣವಿತ್ತು. ಆಸ್ಪತ್ರೆಗೆ ಸೇರುವ ದಿನ ಅಪ್ಪ ನನ್ನ ಕೈ ಹಿಡಿದು, “ನೋಡು ಮರಿ, ನಂಗೆ ಊರು ನೋಡಕ್ಕಾಗಲ್ಲ. ನೀನು ಸರಿಯಾಗಿ ನೋಡ್ಕೊಂಡು ಬಂದು ನಂಗೆ ಹೇಳ್ಬೇಕು. ಆಮೇಲೆ ನಾನು ಎದ್ದು ಬಂದಾಗ ನೀನೇ ನಂಗೆ ಗೈಡು” ಎಂದಿದ್ದರು. ಚಿಕ್ಕ ಮಕ್ಕಳನ್ನು ವಾರ್ಡಿನೊಳಗೆ ಬಿಡುತ್ತಿರಲಿಲ್ಲ. ಸಂಜೆ ನಾನು ಆಸ್ಪತ್ರೆಯ ಅಂಗಳದ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದೆ, ಅಪ್ಪ ಮೊದಲ ಮಹಡಿಯ ಕಿಟಕಿಗೆ ಬರುತ್ತಿದ್ದರು. ಕೂಗುವ ಹಾಗಿಲ್ಲ. ಹಾಗಾಗಿ ನಾನು ಅಭಿನಯಿಸಿ ತೋರಿಸುತ್ತಿದ್ದೆ. ಮಿನಾರು ನೋಡಿ ಬಂದ ದಿನ ಎರಡೂ ಕೈ ಮೇಲೆತ್ತಿ ಅತ್ತಿತ್ತ ವಾಲಿದೆ. ಅಪ್ಪನೂ ಕಿಟಕಿಯಲ್ಲಿ ನಿಂತು ವಾಲಿದರು. ನರ್ಸ್ ಬಂದು ಅವರನ್ನು ಒಳಗೆ ಕರೆದುಕೊಂಡು ಹೋದಳು. ಆಪರೇಷನ್ ಚೆನ್ನಾಗಿ ಆಯಿತು ಎಂದಿದ್ದರು. ಶನಿವಾರ ಸಂಜೆ ಅಪ್ಪ ನಿಧಾನವಾಗಿ ಕಿಟಕಿಯವರೆಗೆ ನಡೆದು ಬಂದು ಕೈ ಎತ್ತಿದ್ದನ್ನು ನಾನೇ ನೋಡಿದ್ದೆ.

ಈಗ ಗುಜರಿಯ ವಿಷಯ. ನಮ್ಮ ಮೈಸೂರಿನಲ್ಲಿ ಗುಜರಿ ಎಂದರೆ ಹಳೇ ಪೇಪರು, ತೂತು ಬಿದ್ದ ಬಿಂದಿಗೆ ಹಾಕುವ ಅಂಗಡಿ ಎಂದು ನಿಮಗೆಲ್ಲ ಗೊತ್ತು. ಅಹಮದಾಬಾದಿನಲ್ಲಿ ನದಿಯ ದಂಡೆಯಲ್ಲಿ, ಎಲ್ಲಿಸ್ ಬ್ರಿಜ್ಜಿನ ಕೆಳಗೆ, ಭಾನುವಾರ ಭಾನುವಾರ ಹಳೆಯ ಸಾಮಾನಿನ ಸಂತೆ ಸೇರುತ್ತದೆ. ಅದಕ್ಕೂ ಗುಜರಿ ಎಂದೇ ಹೆಸರು. ಶಂಕರ ಅಂಕಲ್ ಬಾಯಲ್ಲಿ ಆ ಹೆಸರು ಕೇಳಿದ ದಿನ ಅಪ್ಪನಿಗೆ ಖುಷಿಯೋ ಖುಷಿ. “ನೋಡ್ದ್ಯಾ ಸುಮಿ, ನಮ್ಮೂರಿನ ಮಾತು ನಮಗಿಂತ ಮುಂಚೆ ಬಂದು ಕೂತಿದೆ.” ಬ್ಯಾಂಕಿನ ಕೆಲಸ ಬಿಟ್ಟರೆ ಹಳೆಯ ರೇಡಿಯೋ ರಿಪೇರಿ ಮಾಡುವುದೇ ಅಪ್ಪನ ಹುಚ್ಚು. ಮನೆಯಲ್ಲಿದ್ದ ಒಂದು ದೊಡ್ಡ ರೇಡಿಯೋಕ್ಕೆ ಸ್ಟೇಷನ್ ತಿರುಗಿಸುವ ಗುಂಡಿ ಎಲ್ಲೂ ಸಿಕ್ಕಿರಲಿಲ್ಲ.

“ಗುಂಡಿ ಏನ್ ಮಹಾ? ಅಲ್ಲಿ ನಿಮ್ಮಜ್ಜನ ಕಟ್ಟುಹಲ್ಲೂ ಸಿಗುತ್ತೆ ಕಣೋ. ನೀನು ಎದ್ದು ನಡೆಯೋ ಹಾಗಾಗು, ಮೊದಲು ಗುಜರಿಗೇ ಕರ್ಕೊಂಡು ಹೋಗ್ತೀನಿ” ಎಂದಿದ್ದರು ಶಂಕರ ಅಂಕಲ್.

ಆ ಭಾನುವಾರ ಬೆಳಿಗ್ಗೆ ನಾನು ಎರಡನೇ ಜಡೆ ಹೆಣೆಯುತ್ತಿದ್ದೆ. ಕೋಕಿಲಾಬೇನ್ ತಮ್ಮ ಗ್ಯಾಲರಿಯಲ್ಲಿ ಬಟ್ಟೆ ಹರವುತ್ತಾ ಪಕ್ಕದ ಬ್ಲಾಕಿನ ಹೆಂಗಸಿಗೆ ಏನೋ ಹೇಳುತ್ತಿದ್ದರು. ದನಿ ತಗ್ಗಿಸಿದ್ದರೂ ಕೇಳಿಸಿತು. “ಪೇಲಾ ಮೈಸೂರ್‌ವಾಳಾ ಭಾಯ್ ಗುಜರಿ ಗಯಾ.”

ಗುಜರಾತಿಯಲ್ಲಿ ‘ಗುಜರಿ ಗಯಾ’ ಎಂದರೆ ತೀರಿಕೊಂಡರು ಎಂದರ್ಥ. ನನಗೆ ಗೊತ್ತಿದ್ದದ್ದು ಸಂತೆಯ ಗುಜರಿ ಮತ್ತು ಹಿಂದಿಯ ‘ಗಯಾ’. ಆ ಮೈಸೂರಿನವರು ಗುಜರಿಗೆ ಹೋದರು. ಇದರಲ್ಲಿ ತಿಳಿಯದೇ ಇರುವುದೇನಿದೆ? ಭಾನುವಾರ. ಅಪ್ಪ ನಿನ್ನೆ ನಡೆದಿದ್ದರು. ಅಂಕಲ್ ಆಂಟಿ ಇಬ್ಬರ ಚಪ್ಪಲಿಯೂ ಬಾಗಿಲಲ್ಲಿರಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ ಜಡೆಗೆ ಸುತ್ತಿದ ಟೇಪಿಗೆ ಗಂಟು ಹಾಕುವುದನ್ನೂ ಮರೆತೆ. ಕೋಕಿಲಾಬೇನ್ ತಿರುಗಿ ನನ್ನನ್ನು ನೋಡಿದರು. ಅವರ ಬಾಯಲ್ಲಿ ಬಟ್ಟೆಯ ಕ್ಲಿಪ್ಪಿತ್ತು. ಅದನ್ನು ತೆಗೆಯದೆ ಸುಮ್ಮನೆ ನಿಂತಿದ್ದರು. ನಾನು ನಕ್ಕೆ.

ಸ್ವಲ್ಪ ಹೊತ್ತಿಗೆ ಅವರೇ ಬಿಸಿ ಥೇಪ್ಲಾ ರೊಟ್ಟಿ ತಂದುಕೊಟ್ಟು, ಇವಳನ್ನು ಕಾಂಕರಿಯಾಗೆ ಕರೆದುಕೊಂಡು ಹೋಗಿ, ಸಂಜೆಯವರೆಗೂ ಬರಬೇಡಿ ಎಂದು ಸ್ವಾತಿಗೂ ಹೇತಲ್‌ಗೂ ಹೇಳಿದರು. ಅವರಿಬ್ಬರಿಗೆ ಬೇರೇನೂ ಹೇಳಿರಲಿಲ್ಲ.

“ಕಾಂಕರಿಯಾ ಬೇಡ. ಗುಜರಿಗೆ ಹೋಗೋಣ. ಅಪ್ಪ ಅಲ್ಲಿಗೆ ಹೋಗಿದ್ದಾರೆ” ಎಂದೆ ನಾನು, ಮೆಟ್ಟಿಲಿಳಿಯುವಾಗ.

“ಅಂಕಲ್‌ಗೆ ಹಾಸ್ಪಿಟಲ್‌ನಿಂದ ಛುಟ್ಟಿ ಸಿಕ್ತಾ?” ಎಂದಳು ಸ್ವಾತಿ. ನನ್ನ ಅಪ್ಪ ಅವಳಿಗೆ ಅಂಕಲ್.

“ಸಿಕ್ಕಿರಬೇಕು. ಅದಕ್ಕೇ ಆಂಟಿ ಬೆಳಿಗ್ಗೇನೇ ಹೋಗಿರೋದು.”

“ಮಮ್ಮಿ ನಂಗೆ ಹೇಳಲಿಲ್ಲ. ಭಾರಿ ಕಳ್ಳ ಅವನು” ಎಂದು ಸ್ವಾತಿ ತನ್ನ ಅಮ್ಮನನ್ನು ಬೈದುಕೊಂಡಳು. ನಾವು ನಗುತ್ತಲೇ ಬಸ್ಸು ಹತ್ತಿದೆವು.

ಗುಜರಿಯ ನೆಲ ಕಾದಿತ್ತು. ಚಪ್ಪಲಿಯೊಳಗೆ ಮರಳು ಸೇರಿ ಸುಡುತ್ತಿತ್ತು. ಕೀಲಿ ಇಲ್ಲದ ಬೀಗಗಳು, ಬೀಗ ಇಲ್ಲದ ಕೀಲಿಗೊಂಚಲುಗಳು, ಹಕ್ಕಿಯ ಪಂಜರ, ಹೊಲಿಗೆ ಯಂತ್ರದ ಚಕ್ರ, ಯಾರದೋ ಮದುವೆಯ ಫೋಟೋ ಹಾಗೇ ಉಳಿದಿದ್ದ ಕಟ್ಟು. ತುಕ್ಕು, ಸೀಮೆಎಣ್ಣೆ, ಹುರಿದ ಕಡಲೆಯ ವಾಸನೆ. ಹೇತಲ್ ಒಂದು ಒಡೆದ ಟೆಲಿಫೋನು ಎತ್ತಿ, “ಹಲೋ, ಇಡ್ಲಿಯ ಪಪ್ಪಾ ಇದ್ದಾರಾ?” ಎಂದಳು. ಅಂಗಡಿಯವನು ಗದರಿದ. ಬಿಳಿ ಅರ್ಧ ತೋಳಿನ ಅಂಗಿ ಹಾಕಿದ ಗಂಡಸರನ್ನೆಲ್ಲ ನಾನು ಮುಂದೆ ಹೋಗಿ ಹಿಂತಿರುಗಿ ನೋಡಿದೆ.

ಕೊನೆಗೆ ರೇಡಿಯೋಗಳ ಸಾಲು ಸಿಕ್ಕಿತು. ಚೀಲದ ಮೇಲೆ ಗುಂಡಿಗಳ ಒಂದು ರಾಶಿಯೇ ಇತ್ತು. ಕಂದು, ಕಪ್ಪು, ದಂತದ ಬಣ್ಣದವು. ಅಪ್ಪ ಬಂದರೆ ಇಲ್ಲಿಗೇ ಬರಬೇಕು ಎಂದು ನಾನು ಕೂತುಬಿಟ್ಟೆ. ಒಂದೊಂದನ್ನೇ ತೆಗೆದು ಬೆರಳಲ್ಲಿ ತಿರುಗಿಸಿ ನೋಡಿದೆ. ಬಿಸಿಲು ನೆತ್ತಿಗೆ ಬಂತು. ಸ್ವಾತಿ ಹೋಗೋಣ ಎಂದಳು. ನಾನು ಏಳಲಿಲ್ಲ.

“ಬಂದೇ ಬರ್ತಾರೆ. ಇಲ್ಲಿಗೆ ಬರದೆ ಎಲ್ಲಿಗೆ ಹೋಗ್ತಾರೆ?”

ಹೇತಲ್‌ಗೆ ಸಾಕಾಗಿತ್ತು. “ನಿಂಗೆ ಯಾರು ಹೇಳಿದ್ದು ಬಂದಿದ್ದಾರೆ ಅಂತ?” ಎಂದು ಹಿಂದಿಯಲ್ಲಿ ಕೇಳಿದಳು.

“ನಿಮ್ಮಮ್ಮನೇ” ಎಂದೆ. ಅವರ ಮಾತನ್ನು, ಅವರ ರಾಗದಲ್ಲೇ, ಒಂದಕ್ಷರ ಬಿಡದೆ ಹೇಳಿ ತೋರಿಸಿದೆ. ಕೇಳಿದ್ದನ್ನು ಹಾಗೆಯೇ ಒಪ್ಪಿಸುವುದರಲ್ಲಿ ಕಾನ್ವೆಂಟಿನಲ್ಲಿ ನನಗೆ ಹೆಸರಿತ್ತು.

ಹೇತಲ್‌ಳ ಅಂಗೈಯಲ್ಲಿ ಕಡಲೆಯಿತ್ತು. ಅವಳು ಅದನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ, ಕೆಳಗೂ ಹಾಕಲಿಲ್ಲ. ಸ್ವಾತಿಯ ಮುಖ ನೋಡಿದಳು. ಸ್ವಾತಿ ಬಗ್ಗಿ ನನ್ನ ಫ್ರಾಕಿನ ಮರಳು ಕೊಡವಿದಳು. ಆಮೇಲೆ ನನ್ನ ಜಡೆಯ ಬಿಚ್ಚಿದ್ದ ಟೇಪು ಕಟ್ಟಿದಳು. ಅವಳು ಅಷ್ಟು ಹೊತ್ತು ಯಾಕೆ ಕಟ್ಟುತ್ತಿದ್ದಾಳೆ ಎಂದು ನನಗನ್ನಿಸಿತು.

“ಮನೆಗೆ ಹೋಗೋಣ.”

“ಅಪ್ಪ?”

“ಅಂಕಲ್ ಇಲ್ಲಿ ಇಲ್ಲ.”

ಬಸ್ಸಿನಲ್ಲಿ ಕಿಟಕಿಯ ಸೀಟಿಗೆ ನಾವು ಮೂವರೂ ದಿನಾ ಜಗಳವಾಡುತ್ತಿದ್ದೆವು. ಆವತ್ತು ಇಬ್ಬರೂ ಅದನ್ನು ನನಗೆ ಬಿಟ್ಟರು. ಸೇತುವೆ ಹಿಂದೆ ಬಿದ್ದ ಮೇಲೆ ನಾನು, “ಅಪ್ಪ ನಮಗಿಂತ ಮುಂಚೆ ಮನೆಗೆ ಬಂದುಬಿಟ್ಟಿದ್ದರೆ?” ಎಂದೆ. ಸ್ವಾತಿ ನನ್ನ ಕೈ ಹಿಡಿದುಕೊಂಡಳು. ಅವಳ ತುಟಿ ಎರಡು ಮೂರು ಸಲ ತೆರೆದು ಮುಚ್ಚಿತು. ಗುಜರಾತಿಯಲ್ಲಿ ಹೇಳಿದರೆ ನನಗೆ ತಿಳಿಯದು. ಹಿಂದಿಯಲ್ಲಿ ‘ಮರ್ ಗಯೇ’ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಕನ್ನಡದಲ್ಲಿ ಆ ಮಾತಿಗೆ ಏನನ್ನುತ್ತಾರೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತನ್ನಲ್ಲಿದ್ದ ಕನ್ನಡದಲ್ಲೇ ಹುಡುಕಿ ಹೇಳಿದಳು.

“ಸುಮಿ, ಅಂಕಲ್… ಖಾಲಿ ಆಯ್ತು.”

ಸಕ್ಕರೆ, ಹಾಲು, ಸ್ಟವ್ವಿನ ಎಣ್ಣೆ ಮುಗಿದಾಗ ಅವಳು ಹಾಗೆ ಹೇಳುತ್ತಿದ್ದಳು. ಅವಳ ಕನ್ನಡಕ್ಕೆ ನಗುವುದು ನನಗೆ ಎಷ್ಟು ಅಭ್ಯಾಸವಾಗಿತ್ತೆಂದರೆ ಆಗಲೂ ನಗಲು ಬಾಯಿ ತೆರೆದೆ. ಅವಳ ಕಣ್ಣು ತುಂಬಿದ್ದನ್ನು ನೋಡಿದ ಮೇಲೆ ಅರ್ಥವಾಯಿತು. ನಾನು ಅಳಲಿಲ್ಲ. ಕಿಟಕಿಯ ಸರಳು ಬಿಸಿಯಾಗಿತ್ತು, ಅದನ್ನೇ ಹಿಡಿದುಕೊಂಡು ಮಣಿನಗರದವರೆಗೆ ಬಂದೆ.

ಬೆಳಗಿನ ಜಾವ ಅಪ್ಪನ ಹೃದಯ ಇದ್ದಕ್ಕಿದ್ದಂತೆ ನಿಂತುಬಿಟ್ಟಿತ್ತಂತೆ. ಚಿಕ್ಕಪ್ಪ ಮೈಸೂರಿನಿಂದ ಬರುವವರೆಗೆ ಆಸ್ಪತ್ರೆಯಲ್ಲೇ ಇಟ್ಟಿದ್ದರು. ಅಮ್ಮ ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿ, “ಎಲ್ಲಿಗೆ ಹೋಗಿದ್ರಿ ಮರಿ?” ಎಂದಳು. ಅದನ್ನು ಅಪ್ಪ ಕೇಳಬೇಕಾಗಿತ್ತು. ನಾನು ಕಾಂಕರಿಯಾ ಎಂದೆ.

ಅದಾದ ಮೇಲೆ ಬೇಕಾದಷ್ಟು ಊರು ನೋಡಿದ್ದೇನೆ. ಮದುವೆಯಾಯಿತು, ಮಕ್ಕಳಾದರು, ರಜೆ ಬಂದಾಗಲೆಲ್ಲ ಎಲ್ಲಿಗಾದರೂ ಹೋಗುತ್ತೇವೆ. ಮನೆಯವರು ಫೋಟೋ ತೆಗೆಯುತ್ತಾರೆ, ನಾನು ತಿಂಡಿಯ ಡಬ್ಬ ನೋಡಿಕೊಳ್ಳುತ್ತೇನೆ. ಗೋಪುರವನ್ನೋ ಜಲಪಾತವನ್ನೋ ನೋಡುತ್ತಾ ನಿಂತಾಗ, ಇದನ್ನು ಕೈಯಲ್ಲಿ ಹೇಗೆ ತೋರಿಸುವುದು ಎಂದು ಮನಸ್ಸು ಇವತ್ತಿಗೂ ಒಂದು ಕ್ಷಣ ಯೋಚಿಸುತ್ತದೆ. ತೋರಿಸಲು ಯಾರೂ ಇಲ್ಲ. ಸ್ವಾತಿ ಈಗ ಅಹಮದಾಬಾದಿನದೇ ಬೋಪಾಲ್ ಬಡಾವಣೆಯ ಕಡೆ ಎತ್ತರದ ಅಪಾರ್ಟ್‌ಮೆಂಟಿನಲ್ಲಿದ್ದಾಳೆ. ನದಿಯ ದಂಡೆಗೆ ಸಿಮೆಂಟು ಹಾಕಿ ಅಂದ ಮಾಡಿದ್ದಾರೆಂದು ಫೋಟೋ ಕಳಿಸಿದ್ದಳು. ಈಗ ನಾವು ಮಾತಾಡುವುದು ಇಂಗ್ಲಿಷಿನಲ್ಲಿ. ಇದ್ದಷ್ಟು ಕನ್ನಡವನ್ನೂ ಅವಳು ಮರೆತಿದ್ದಾಳೆ, ಅವಳ ಮಕ್ಕಳಿಗೆ ಅದೂ ಇಲ್ಲ. ಅಪ್ಪನ ಸಾವನ್ನು ನನಗೆ ಹೇಳಿದ ಆ ತಪ್ಪು ಕನ್ನಡವನ್ನು ನನ್ನ ಬಿಟ್ಟು ಬೇರೆ ಯಾರೂ ನೆನಪಿಟ್ಟುಕೊಂಡಿಲ್ಲ.

ಆ ಭಾನುವಾರ ಸಂಜೆ ಪದ್ಮಾ ಆಂಟಿ ಊರಿಗೆ ಫೋನು ಮಾಡಲು ಎದುರು ಮನೆಗೆ ಹೋಗಿದ್ದರು. ನಾನು ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದೆ. ಮೇಲಿನ ಮಹಡಿಯ ಅಜ್ಜಿ ಬರೋಡಾದ ಮಗಳ ಮನೆಯಲ್ಲಿ ಎರಡು ದಿನ ಇದ್ದು ಆಗ ತಾನೇ ಬಂದರು. ಅವರಿಗೆ ಏನೂ ಗೊತ್ತಿರಲಿಲ್ಲ. ಕೈಯಲ್ಲಿ ಚೀಲ, ಮೈಯೆಲ್ಲ ಬೆವರು. ಪದ್ಮಾಬೇನ್ ಮನೆಯಲ್ಲಿದ್ದಾರಾ ಎಂದು ಗುಜರಾತಿಯಲ್ಲಿ ಕೇಳಿದರು.

“ನಾ. ಕೋಕಿಲಾಬೇನ್‌ನೇ ತ್ಯಾಂ ಗಯಾ ಛೇ” ಎಂದೆ. ಇಲ್ಲ, ಕೋಕಿಲಾಬೇನ್ ಮನೆಗೆ ಹೋಗಿದ್ದಾರೆ. ಯೋಚಿಸದೆಯೇ ಬಂದ ಮಾತು ಅದು.

ಅಜ್ಜಿ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ನನ್ನ ತಲೆ ಸವರಿ, ಮೆಟ್ಟಿಲು ಹತ್ತುತ್ತಾ ಹೇಳಿದರು. ಅದೂ ಪೂರ್ತಿ ಅರ್ಥವಾಯಿತು.

“ಅರೆ, ಈಗ ನಿಂಗೆ ಗುಜರಾತಿ ಬಂದುಬಿಡ್ತಲ್ಲ.”