ಅಣ್ಣನಿಗೆ ಬಿಟ್ಟ ಮೂರು ಎಸೆತ

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ಕೊಪ್ಪಳದಲ್ಲಿ ಶ್ರಾವಣದ ಪ್ರತಿ ಸೋಮವಾರ ನಮ್ಮ ಓಣಿಗೂ ಪಕ್ಕದ ಓಣಿಗೂ ನಿಂಬೆಹಣ್ಣು ಎಸೆಯುವ ಪಂದ್ಯ ನಡೆಯುತ್ತಿತ್ತು. ಓಣಿಗೆ ಐದು ಜನ. ಊರಬಾಗಿಲ ಅಗಸಿಯಿಂದ ಹಣ್ಣು ಎಸೆಯಬೇಕು, ಅದು ಉರುಳಿ ನಿಂತಲ್ಲಿಂದ ಮತ್ತೆ ಎಸೆಯಬೇಕು, ಹೀಗೆ ಗಿಣಿಗೇರಾ ದಾರಿಯ ಬಾವಿ ಮುಟ್ಟಬೇಕು. ಐವರ ಎಸೆತ ಕೂಡಿಸಿದಾಗ ಯಾರದು ಕಡಿಮೆಯೋ ಆ ಓಣಿ ಗೆದ್ದಂತೆ.

ಗಟ್ಟಿ ತೋಳಿನವರೇ ಸದಾ ಗೆದ್ದರೆ ಉಳಿದವರು ಯಾಕೆ ಬಂದಾರು? ಅದಕ್ಕೆಂದೇ ರಿಯಾಯಿತಿ ಇತ್ತು. ಮೊದಲ ಮೂರು ಸೋಮವಾರದ ಸರಾಸರಿ ತೆಗೆದು, ಎಲ್ಲರಿಗಿಂತ ಚೆನ್ನಾಗಿ ಎಸೆದವನಿಗೂ ಉಳಿದ ಒಬ್ಬೊಬ್ಬನಿಗೂ ಇರುವ ಅಂತರದ ಅರ್ಧವನ್ನು ಕೊನೆಯ ಸೋಮವಾರ ಅವನ ಎಣಿಕೆಯಲ್ಲಿ ಕಳೆದು ಬಿಡುವುದು. ಮುದುಕ ದರ್ಜಿಯೊಬ್ಬನಿಗೆ ಏಳು ಎಸೆತ ಬಿಟ್ಟಾಗ, ಆತ ಅದನ್ನು ಬಹುಮಾನವೆಂಬಂತೆ ಊರೆಲ್ಲ ಹೇಳಿಕೊಂಡು ತಿರುಗಿದ. ಎಣಿಸುವವನು ನಾನು. ನಾಲ್ಕು ಅಕ್ಷರ ಕಲಿತಿದ್ದೆ, ಮೈಯೆಲ್ಲ ಜಂಬ.

ನನ್ನ ಅಣ್ಣನಿಗೆ ಯಾವ ವರ್ಷವೂ ರಿಯಾಯಿತಿ ಬೇಕಾಗಿರಲಿಲ್ಲ. ಸ್ಟೇಷನ್ ಹತ್ತಿರದ ಗೋದಾಮಿನಲ್ಲಿ ಜೋಳದ ಚೀಲ ಹೊರುವ ಹಮಾಲ ಅವನು. ಅವನ ದುಡಿಮೆಯಲ್ಲೇ ಅತ್ತಿಗೆ, ಮೂರು ಮಕ್ಕಳು, ನಾನು ಉಣ್ಣುತ್ತಿದ್ದೆವು. ಆ ವರ್ಷ ಮಾತ್ರ ಅವನ ಹಣ್ಣು ಹತ್ತಿರ ಹತ್ತಿರವೇ ಬಿತ್ತು. ಒಂದು ವಾರ ಹಣ್ಣು ಮೆತ್ತಗಿತ್ತು ಎಂದ, ಇನ್ನೊಂದು ವಾರ ಕೈ ಜಾರಿತು ಎಂದ. ಜನ ನಂಬಿದರು. ಒಂದು ದಿನದ ಎಸೆತಕ್ಕೆ ನೆಪ ಸಿಗುತ್ತದೆ, ಮೂರು ಸೋಮವಾರದ ಸರಾಸರಿಗೆ ಸಿಗುವುದಿಲ್ಲ.

ಕೊನೆಯ ಸೋಮವಾರ ಬೆಳಗ್ಗೆ ನನ್ನನ್ನು ಹಿತ್ತಲಿಗೆ ಕರೆದ.

“ತಮ್ಮಾ, ಬಲಗೈಯಾಗ ಶಕ್ತಿ ಉಳಿದಿಲ್ಲ. ಚೀಲಾ ಎತ್ತೂವಾಗ ಗೆಳ್ಯಾರು ಆಸರ ಕೊಡ್ತಾರ. ನನ್ನ ಹೆಸರಿಲೆ ರಿಯಾಯ್ತಿ ಹೇಳಬ್ಯಾಡ. ನಮ್ಮ ಹಮಾಲರ ಮ್ಯಾಲಿನ ಮುಕಾದಮ ಬಾಜೂ ಓಣಿ ಕಡಿಂದ ಆಡ್ತಾನ. ಅವಗ ತಿಳದ್ರ ನನ್ನ ಕೆಲಸ ಹೋಕ್ಕೈತಿ.”

“ಆಟದ್ದು ಆಟಕ್ಕ, ಕೆಲಸದ್ದು ಕೆಲಸಕ್ಕ ಅಣ್ಣಾ. ಸುಳ್ಳ ಲೆಕ್ಕಾ ಹೇಳಾಕ ನನಗ ಬರಂಗಿಲ್ಲ,” ಎಂದೆ. ದೊಡ್ಡ ಸತ್ಯವಂತ ನಾನು.

ಅಗಸಿ ಕಟ್ಟೆಯ ಮೇಲೆ ನಿಂತು ಸರಾಸರಿ ಓದಿದೆ. ಎಲ್ಲರಿಗಿಂತ ಚೆನ್ನಾಗಿ ಎಸೆದ ಮುಕಾದಮನದು ಇಪ್ಪತ್ತು, ಅಣ್ಣನದು ಇಪ್ಪತ್ತಾರು. ಅಂತರ ಆರು, ಬಿಡುವುದು ಮೂರು. ಆ ದಿನ ನಮ್ಮ ಓಣಿ ಗೆದ್ದದ್ದು ಎರಡೇ ಎಸೆತದಿಂದ. ಹುಡುಗರು ನನ್ನನ್ನು ಹೊತ್ತು ಕುಣಿದರು. ಮುಕಾದಮ ಅಣ್ಣನ ತೋಳನ್ನೇ ನೋಡುತ್ತಿದ್ದ.

ಮಂಗಳವಾರ ಕೆಲಸಕ್ಕೆ ಹೋದ ಅಣ್ಣ ಹೊತ್ತೇರುವ ಮೊದಲೇ ಮನೆಗೆ ಬಂದ. ಹಿಟ್ಟು ನಾದುತ್ತಿದ್ದ ಅತ್ತಿಗೆಯ ಕೈ ಹಾಗೇ ನಿಂತಿತು. ನಾನು ಗೋದಾಮಿಗೆ ಓಡಿದೆ. ಬೇಡ ಬೇಡ ಎನ್ನುತ್ತ ಅಣ್ಣನೂ ಹಿಂದೆಯೇ ಬಂದ.

“ತಪ್ಪು ನಂದೈತ್ರಿ. ಗೆಲ್ಲಬೇಕಂತ ಬೇಕಂತಲೇ ಎಸೆತದ ಲೆಕ್ಕ ಹೆಚ್ಚಿಗಿ ಹೇಳೀನ್ರಿ. ಅಣ್ಣನ ಕೈ ಛಲೋ ಐತ್ರಿ,” ಎಂದು ಮುಕಾದಮನ ಕಾಲು ಹಿಡಿದೆ. ಹಿಂದಿನ ದಿನ ಬಾರದ ಸುಳ್ಳು ಈಗ ಸರಾಗವಾಗಿ ಬಂತು.

ಮುಕಾದಮ ಕೆಟ್ಟವನಲ್ಲ. ಚೀಲದಡಿ ಸಿಕ್ಕು ಹಮಾಲನೊಬ್ಬ ಸೊಂಟ ಮುರಿದುಕೊಂಡದ್ದನ್ನು ಕಣ್ಣಾರೆ ಕಂಡವನು.

“ಹಂಗಾದ್ರ ಆ ಗ್ವಾಡಿಗೆ ಮುಟ್ಟೂವಂಗ ಒಂದು ಕಲ್ಲು ಒಗದು ತೋರಸ್ಲಿ. ನಾಳಿಂದ ಕೆಲಸಕ್ಕ ಬರ್ಲಿ,” ಎಂದ.

ಗೋಡೆ ಬಹಳ ದೂರವೇನೂ ಇರಲಿಲ್ಲ. ಅಣ್ಣ ಕಲ್ಲು ಹೆಕ್ಕಿ, ಹಲ್ಲು ಕಚ್ಚಿ ಎಸೆದ. ಅದು ಅರ್ಧ ಅಂಗಳವನ್ನೂ ದಾಟಲಿಲ್ಲ. ಹಮಾಲರೆಲ್ಲ ತಲೆ ತಗ್ಗಿಸಿದರು. ನಾನು ಇನ್ನೂ ಮುಕಾದಮನ ಕಾಲು ಬಿಟ್ಟಿರಲಿಲ್ಲ.

ಅಣ್ಣ ಬಂದು ಎಡಗೈಯಿಂದ ನನ್ನನ್ನು ಎಬ್ಬಿಸಿದ.

“ನನ್ನ ತಮ್ಮ ಸುಳ್ಳ ಹೇಳಾಂವ ಅಲ್ಲರಿ,” ಎಂದು ಮುಕಾದಮನಿಗೆ ಹೇಳಿದ. “ನಿನ್ನಿ ಅಂವ ಹೇಳಿದ ಲೆಕ್ಕ ಖರೇ ಐತ್ರಿ.”