ಟೊಮೆಟೊ ಗಿಡಕ್ಕೆ ಮಧ್ಯಾಹ್ನದಲ್ಲಿ ರಾತ್ರಿ

ಬೆಳಗಿನ ಆರು ಗಂಟೆ. ಉತ್ತರ ಧ್ರುವದ ಅಂಚಿನ ಮೀನುಗಾರರ ಊರು ಲಿಲ್ಲೆಹಾಮ್ನದ ವೃದ್ಧಾಶ್ರಮದ ಊಟದ ಕೋಣೆಯಲ್ಲಿ ತೂರ್ಗುನ್ ಎಲಿಯಾಸೆನ್ ನೆಲ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ, ಜೇಬಿನಿಂದ ಬ್ಯಾಟರಿಯ ಹಲ್ಲುಜ್ಜುವ ಬ್ರಷ್ ತೆಗೆಯುತ್ತಾರೆ. ಅದು ಹಲ್ಲಿಗಲ್ಲ, ಹೂವಿಗೆ. ಕಿಟಕಿಯಾಚೆ ಹಿಮ, ಕತ್ತಲೆ. ನವೆಂಬರ್ ಕೊನೆಗೆ ಮುಳುಗಿದ ಸೂರ್ಯ ಮತ್ತೆ ಹುಟ್ಟಲು ಇನ್ನೂ ಹತ್ತು ದಿನ ಬೇಕು. ಒಳಗೆ ಮೂಲೆಯ ಮೇಜಿನ ಮೇಲೆ ಬ್ರೆಡ್ ಡಬ್ಬಿಯಷ್ಟು ಅಗಲದ ಬಿಳಿ ತೊಟ್ಟಿ. ಅದರ ಆರು ತೂತುಗಳಲ್ಲಿ ಆರು ಕುಳ್ಳ ಟೊಮೆಟೊ ಗಿಡ, ತಲೆಯ ಮೇಲೆ ಕಣ್ಣು ಕುಕ್ಕುವ ದೀಪ. ಮಣ್ಣು ಒಂದು ಚಿಟಿಕೆಯೂ ಇಲ್ಲ. ಬೇರುಗಳು ನೀರಿನಲ್ಲಿವೆ.

ತೂರ್ಗುನ್ ಗುಂಯ್‌ಗುಡುವ ಬ್ರಷ್ಷನ್ನು ಹೂವಿನ ಬುಡಕ್ಕೆ ತಾಗಿಸುತ್ತಾರೆ. ಹೂ ನಡುಗುತ್ತದೆ, ಹಳದಿ ಪುಡಿ ಉದುರುತ್ತದೆ. "ಜೇನ್ನೊಣ ಈ ಚಳಿಗೆ ಬರಲ್ವಲ್ಲ, ಅದರ ಕೆಲಸಾನೂ ನನ್ನ ತಲೆಗೇ ಬಂತು. ಸಂಬಳ ಮಾತ್ರ ಒಬ್ಬಳದ್ದೇ" ಎಂದು ನಗುತ್ತಾರೆ.

ಐವತ್ತೆಂಟರ ತೂರ್ಗುನ್ ಇಲ್ಲಿ ಕಸ ಗುಡಿಸಲು ಬಂದು ಹತ್ತೊಂಬತ್ತು ವರ್ಷ. ಅದಕ್ಕೂ ಮೊದಲು ಮೀನು ಕಾರ್ಖಾನೆಯಲ್ಲಿ ಕಾಡ್ ಮೀನಿನ ನಾಲಗೆ ಕತ್ತರಿಸುತ್ತಿದ್ದರು. ದಿನಕ್ಕೆ ಇಪ್ಪತ್ತಾರು ಕೋಣೆ, ಎರಡು ಉದ್ದದ ಹಜಾರ, ಒಂಬತ್ತು ಶೌಚಾಲಯ. ಇವುಗಳ ನಡುವೆ ಬಿಡುವು ಕದ್ದು ಗಿಡಕ್ಕೆ ಎರಡು ಲೀಟರ್ ನೀರು. ವಾರಕ್ಕೊಮ್ಮೆ ಮುಚ್ಚಳದಲ್ಲಿ ಅಳೆದ ಗೊಬ್ಬರದ ದ್ರವ. ಗಿಡ ನೋಡಿಕೊಳ್ಳಿ ಎಂದು ಯಾರೂ ಅವರಿಗೆ ಹೇಳಿಲ್ಲ.

ಎರಡು ವರ್ಷದ ಹಿಂದೆ ಯಾರದೋ ಮಕ್ಕಳು ಈ ತೊಟ್ಟಿಯನ್ನು ಉಡುಗೊರೆ ಕೊಟ್ಟಾಗ ಇಡೀ ಆಶ್ರಮ ಅದರ ದೀಪದ ಕೆಳಗೆ ಬಂದು ಕೂತಿತು. ಸೂರ್ಯನಿಲ್ಲದ ಎರಡು ತಿಂಗಳು ಬದುಕಿ ಬಲ್ಲವರಿಗೆ ಉರಿಯುವ ದೀಪ ಆರಿಸಲು ಕೈ ಬರುವುದಿಲ್ಲ. ಹಗಲೂ ರಾತ್ರಿ ಉರಿಯಿತು. ಎಲೆ ಹಳದಿಯಾಯಿತು, ಹೂ ಉದುರಿತು. ತೂರ್ಗುನ್ ಸಾಯುತ್ತಿದ್ದ ಗಿಡವೊಂದನ್ನು ಜಾಮ್ ಬಾಟಲಿಯಲ್ಲಿಟ್ಟು ಮನೆಗೆ ಒಯ್ದರು. ಅಡುಗೆಮನೆಯ ದೀಪದ ಕೆಳಗೆ ಎರಡೇ ವಾರದಲ್ಲಿ ಹಸಿರು ಚಿಗುರು ಬಂತು.

"ಏನೂ ಔಷಧಿ ಹಾಕ್ಲಿಲ್ಲ. ಮಲಗೋ ಮುಂಚೆ ಲೈಟ್ ಆರಿಸ್ತೀನಿ, ಕರೆಂಟ್ ಬಿಲ್ ಉಳೀಲಿ ಅಂತ. ನನ್ನ ಜಿಪುಣತನಾನೇ ಅದನ್ನ ಬದುಕಿಸ್ತು. ಗಿಡಕ್ಕೂ ನಿದ್ದೆ ಬೇಕು ನೋಡಿ."

ಮರುವರ್ಷ ಆಶ್ರಮದಲ್ಲೂ ರಾತ್ರಿ ದೀಪ ಆರಿಸತೊಡಗಿದರು. ಆಗ ಎದುರಾದವರು ಆಶ್ರಮವಾಸಿ ಎಡ್ವಿನ್. ಎಂಬತ್ತೆಂಟರ ಈ ದೋಣಿ ಯಜಮಾನರಿಗೆ ನೆನಪು ಮಾಸಿದೆ. ನಸುಕಿನ ನಾಲ್ಕಕ್ಕೆ ಎದ್ದು, ಕಡಲಿಗೆ ಹೋಗಬೇಕೆಂದು ಬಾಗಿಲು ಬಡಿಯುತ್ತಾರೆ. ಕತ್ತಲೆ ಕಂಡರೆ ಹೆದರುತ್ತಾರೆ. ಗಿಡದ ದೀಪ ಉರಿಯುತ್ತಿದ್ದರೆ ಮಾತ್ರ ಅದರ ಕೆಳಗೆ ಕೂತು ಸುಮ್ಮನಾಗುತ್ತಾರೆ. ಬೇರೆ ದೀಪ ಕೊಟ್ಟರೆ ಒಲ್ಲರು. "ಅದು ದೀಪ. ಇದು ಬೆಳಕು" ಅನ್ನುತ್ತಾರೆ. ಎಲ್ಲರೂ ಮಲಗಿ ದೀಪ ಆರಿದ ಸ್ವಲ್ಪ ಹೊತ್ತಿಗೇ ಅವರು ದಿನಾ ಮತ್ತೆ ಹಾಕಿದರು, ಗಿಡ ಮತ್ತೆ ಸೊರಗಿತು. ಮೇಲ್ವಿಚಾರಕಿ ಸೋಲ್ರುನ್ ಕಡ್ಡಿ ಮುರಿದಂತೆ ಹೇಳಿದರು: "ಇನ್ನೊಂದೇ ಚಳಿಗಾಲ ನೋಡ್ತೀನಿ. ಕಾಯಿ ಬಿಡದಿದ್ರೆ ಇದು ಅಟ್ಟಕ್ಕೆ ಹೋಗತ್ತೆ."

ತೊಟ್ಟಿ ಅಟ್ಟ ಸೇರಿದರೆ ದೀಪವೂ ಹೋಗುತ್ತದೆ. ಆಮೇಲೆ ನಾಲ್ಕು ಗಂಟೆಯ ಎಡ್ವಿನ್‌ಗೆ ಗತಿ ಯಾರು? ಬೇಸಿಗೆಯೆಲ್ಲ ತೂರ್ಗುನ್ ಇದನ್ನೇ ಯೋಚಿಸಿದರು. ಉತ್ತರ ಹೊಳೆದದ್ದು ಶೌಚಾಲಯ ತಿಕ್ಕುವಾಗ.

"ನಮ್ಮೂರಲ್ಲಿ ಚಳಿಗಾಲ ಮಧ್ಯಾಹ್ನಾನೂ ಕತ್ತಲೆ, ಮಧ್ಯರಾತ್ರೀನೂ ಕತ್ತಲೆ. ಗಿಡಕ್ಕೇನು ಗಡಿಯಾರ ನೋಡಕ್ಕೆ ಬರತ್ತಾ? ಎಡ್ವಿನ್‌ಗೆ ಬೆಳಕು ಬೇಡದ ಹೊತ್ತಲ್ಲಿ ಅದು ಮಲಗಲಿ ಅಂದ್ಕೊಂಡೆ."

ಊರ ಸಭಾಂಗಣದ ಹಳೆಯ ಕಪ್ಪು ಪರದೆ ತಂದು ಮುಸುಕು ಹೊಲಿದರು. ಈಗ ಮಧ್ಯಾಹ್ನ ಹನ್ನೆರಡಕ್ಕೆ ದೀಪ ಆರುತ್ತದೆ, ಮುಸುಕು ಬೀಳುತ್ತದೆ. ಸುತ್ತ ಜನ ಉಣ್ಣುತ್ತಾರೆ, ಇಸ್ಪೀಟಾಡುತ್ತಾರೆ, ಜಗಳವಾಡುತ್ತಾರೆ. ಒಳಗೆ ಗಿಡಗಳಿಗೆ ನಡುರಾತ್ರಿ. ಸಂಜೆ ಎಂಟಕ್ಕೆ ರಾತ್ರಿ ಪಾಳಿಯವರು ಮುಸುಕು ತೆಗೆದು ದೀಪ ಹಾಕಿದಾಗ ಅವುಗಳಿಗೆ ಬೆಳಗಾಗುತ್ತದೆ. ನಸುಕಿನ ನಾಲ್ಕಕ್ಕೆ ಎಡ್ವಿನ್ ಬಂದಾಗ ಬೆಳಕು ಕಾದಿರುತ್ತದೆ. ರಾತ್ರಿಯನ್ನೇ ಎತ್ತಿ ಹಗಲಿನಲ್ಲಿಟ್ಟ ಈ ಹೆಂಗಸಿನ ಕೈಯಲ್ಲಿ ಒದ್ದೆ ಬಟ್ಟೆ ಇದೆ.

ಇವತ್ತು ಮೊದಲ ಹಣ್ಣು. ಗೋಲಿಗಿಂತ ತುಸು ದಪ್ಪ, ಕೆಂಡದ ಬಣ್ಣ. ಹಿಂದೆ ಇನ್ನೂ ಹಸಿರು ಕಾಯಿಗಳ ಗೊಂಚಲು. ಕಾಫಿಯ ಹೊತ್ತಿಗೆ ತೂರ್ಗುನ್ ಅದನ್ನು ಎರಡು ಹೋಳು ಮಾಡುತ್ತಾರೆ. ಒಂದು ಸೋಲ್ರುನ್‌ಗೆ, ಇನ್ನೊಂದು ಎಡ್ವಿನ್‌ಗೆ.

"ಉಪ್ಪಿಲ್ಲ" ಎಂದು ಎಡ್ವಿನ್ ಮುಖ ಕಿವುಚುತ್ತಾರೆ.

"ಕಪ್ತಾನರೇ, ಇದನ್ನ ಕಡಲಲ್ಲಿ ಹಿಡಿದಿದ್ದಲ್ಲ."

"ಗೊತ್ತು ಹುಡುಗಿ. ಹಿಡಿದಿದ್ರೆ ಇಷ್ಟು ಸಣ್ಣದನ್ನ ವಾಪಸ್ ಬಿಡ್ತಿದ್ದೆ."

ಸೋಲ್ರುನ್ ನಿಧಾನವಾಗಿ ಅಗಿಯುತ್ತಾರೆ. ತೂರ್ಗುನ್ ಅವರ ಮುಖ ನೋಡುವುದಿಲ್ಲ, ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಾರೆ. ಕೊನೆಗೆ ಸೋಲ್ರುನ್ ಎದ್ದು, "ಇಲ್ಲೇ ಇರ್ಲಿ ಬಿಡು. ಅಟ್ಟದಲ್ಲೂ ಜಾಗ ಇಲ್ಲ" ಎಂದು ಹೊರಡುತ್ತಾರೆ.

ಇನ್ನೇನು ಬೇಕು ಎಂದು ಕೇಳಿದರೆ ತೂರ್ಗುನ್ ಮಂಡಿ ತೋರಿಸುತ್ತಾರೆ. ಮುಂದಿನ ತಿಂಗಳು ಆಪರೇಷನ್, ಮೂರು ವಾರ ರಜೆ. "ಹನ್ನೆರಡಕ್ಕೆ ಸರಿಯಾಗಿ ಮುಸುಕು ಹಾಕೋರು ಒಬ್ರು ಬೇಕು. ಅಷ್ಟೇ."

"ನಾನಿದೀನಲ್ಲ" ಎನ್ನುತ್ತಾರೆ ಎಡ್ವಿನ್.

"ನಿಮಗೆ ಕತ್ತಲೆ ಅಂದ್ರೆ ಆಗಲ್ವಲ್ಲ?"

"ಇದು ನನ್ನ ಕತ್ತಲೆ ಅಲ್ಲ. ಗಿಡದ್ದು."

ಗಡಿಯಾರ ಹನ್ನೆರಡು ತೋರಿಸುತ್ತದೆ. ಎಡ್ವಿನ್ ಎದ್ದು ದೀಪ ಆರಿಸುತ್ತಾರೆ. ಹಗ್ಗ ಎಳೆದೆಳೆದು ಗಂಟುಗಟ್ಟಿದ ಬೆರಳುಗಳಿಂದ ಕಪ್ಪು ಬಟ್ಟೆಯನ್ನು ಇಳಿಬಿಟ್ಟು, ಎಲ್ಲೂ ಬೆಳಕು ನುಸುಳದಂತೆ ಅಂಚನ್ನು ಮೇಜಿಗೆ ಒತ್ತುತ್ತಾರೆ. ತೂರ್ಗುನ್ ಸಹಾಯಕ್ಕೆ ಹೋಗುವುದಿಲ್ಲ.

"ನೋಡಿ," ಎಂದು ಪಿಸುಗುಡುತ್ತಾರೆ, "ನಾನು ಒಂದು ಸಲಾನೂ ಹೇಳಿಕೊಟ್ಟಿಲ್ಲ."