ಸಮುದ್ರಕ್ಕೆ ಬೆನ್ನು ಹಾಕಿ ಕೂತವರು

ಹಡಗಲಿಯ ಬಟ್ಟೆ ಅಂಗಡಿ ಶಿವಣ್ಣನವರು ಹೋದ ತಿಂಗಳು ಕೊಟ್ಟೂರಿನ ನಮ್ಮ ಮನೆಗೆ ಬಂದಿದ್ದರು. ಚಹಾ ಕುಡಿದರು, ಶೇಂಗಾ ರೇಟಿನ ಬಗ್ಗೆ ಮಾತಾಡಿದರು, ಎದ್ದರು. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ ಒಂದು ಪ್ರಶ್ನೆ ಕೇಳಿದರು. (ನಮ್ಮ ಕಡೆ ಮುಖ್ಯವಾದ ಮಾತು ಬರುವುದೇ ಚಪ್ಪಲಿ ಮೆಟ್ಟುವಾಗ.)

"ಸರ, ನೀವು ವೀರೇಶನ ಜೋಡಿ ಗೋವಾಕ್ಕ ಹೋಗಿದ್ರಂತಲ್ಲ. ಹುಡುಗ ಅಲ್ಲಿ ಕುಡದಿದ್ದನೇನ್ರಿ?"

ಯೋಚಿಸಿದೆ. ಪ್ರಾಮಾಣಿಕವಾಗಿಯೇ ಯೋಚಿಸಿದೆ. ಆಮೇಲೆ ಹೇಳಿದೆ: "ನನಗ ಅಷ್ಟಾಗಿ ನೆನಪಿಲ್ರಿ."

ಒಂದು ಸಂಬಂಧ ಮುರಿಯಲು ಇಷ್ಟು ಸಾಕು.

ಹೊರಗಿನವರಿಗೆ ಇದು ಅರ್ಥವಾಗುವುದಿಲ್ಲ. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ವರನ ವಿಚಾರಣೆಗೆ ಬಂದವರ ಮುಂದೆ ಯಾರೂ ಯಾರ ಬಗ್ಗೆಯೂ ಕೆಟ್ಟದ್ದು ಹೇಳುವುದಿಲ್ಲ. ಹುಡುಗ ಕುಡಿಯದವನಾದರೆ "ಬಂಗಾರದಂಥ ಹುಡುಗ" ಎನ್ನುತ್ತಾರೆ. ಹಬ್ಬಕ್ಕೊಮ್ಮೆ ಕುಡಿಯುವವನಾದರೆ "ಒಳ್ಳೆ ಹುಡುಗ". ಹಲ್ಲುಜ್ಜುವ ಮುಂಚೆಯೇ ಕುಡಿಯುವವನಾದರೆ "ನನಗ ಅಷ್ಟಾಗಿ ನೆನಪಿಲ್ರಿ." ಕೇಳಿದವರು ಕೈ ಮುಗಿದು ಹೋಗುತ್ತಾರೆ.

ಶಿವಣ್ಣನವರೂ ಕೈ ಮುಗಿದು ಹೋದರು.

ನಾನು ಇತಿಹಾಸದ ಮೇಷ್ಟ್ರು. ಆಧಾರವಿಲ್ಲದೆ ಏನನ್ನೂ ಹೇಳಬೇಡ ಎಂದು ಯೂನಿವರ್ಸಿಟಿಯಲ್ಲಿ ಕಲಿಸಿದ್ದರು. ಹುಟ್ಟಿದ ಊರಲ್ಲಿ ಅದನ್ನು ಯಾವಾಗ ಮರೆಯಬೇಕು ಎಂದು ಕಲಿಸಿರಲಿಲ್ಲ.

ಎರಡು ದಿನಕ್ಕೆ ವೀರೇಶ ಬಂದ. ನನ್ನ ಹಳೆಯ ವಿದ್ಯಾರ್ಥಿ. ಈಗ ಹಗರಿಬೊಮ್ಮನಹಳ್ಳಿಯ ಒಂದು ಬ್ಯಾಂಕಿನಲ್ಲಿ ಕ್ಲರ್ಕು. ಶಿವಣ್ಣನವರ ಮಗಳು ಸುಮಂಗಲಾ ಅದೇ ಊರಿನ ಸ್ಕೂಲಿನಲ್ಲಿ ಟೀಚರು. ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿದ್ದರು. ಆಕೆ ಅದಕ್ಕೂ ಮೊದಲು ಬಂದ ಸಂಬಂಧಗಳಿಗೆಲ್ಲ ತಲೆ ಅಡ್ಡ ಆಡಿಸಿದ್ದಳಂತೆ. ಈಗ ತಲೆ ಆಡಿಸುವ ಸರದಿ ಅಪ್ಪನದು.

"ಸರ, ಪರೀಕ್ಷೆಯೊಳಗ ಫೇಲ್ ಮಾಡಿದ್ರ ಮುಂದಿನ ಸಲ ಕಟ್ಟಬಹುದಿತ್ತು," ಎಂದ. "ಇದನ್ನ ಹೆಂಗ ಕಟ್ಟಲಿ?"

"ನೀನು ಅವತ್ತು ಕುಡಿದಿದ್ದೆಯಾ?"

"ಪೈನಾಪಲ್ ಜ್ಯೂಸ್, ಸರ."

ಹೇಳಿ, ಆರೋಪಿಯ ಹೇಳಿಕೆಯನ್ನೇ ಸಾಕ್ಷ್ಯ ಎಂದು ಒಪ್ಪಲು ಬರುತ್ತದೆಯೇ?

ಗೋವಾದ ವಿಷಯ ಹೇಳಬೇಕು. ಅದಕ್ಕೂ ಮೊದಲು ನಮ್ಮೂರ ಬಾರುಗಳ ವಿಷಯ. ಅವುಗಳ ಮುಂದೆ ಒಂದೂ ಬೈಕು ನಿಂತಿರುವುದಿಲ್ಲ. ಪಕ್ಕದ ಹಿಟ್ಟಿನ ಗಿರಣಿಯ ಮುಂದೆ ಜಾಗವೇ ಇರುವುದಿಲ್ಲ. (ಕತ್ತಲಾದ ಮೇಲೆ ಕೊಟ್ಟೂರಿನಲ್ಲಿ ಅಷ್ಟು ಜನ ಜೋಳ ಬೀಸಿಸುತ್ತಾರೆ.) ಒಳಗೆ ಹೋಗಲು ಹಿಂಬಾಗಿಲು. ಕೂರಲು ಪರದೆಯ ಕ್ಯಾಬಿನ್. ಎದುರಿಗೆ ಯಾರಿದ್ದಾರೆಂದು ಕಾಣದಷ್ಟು ಮಂದ ದೀಪ. ನಮ್ಮವರು ಕುಡಿಯುವುದು ಕಮ್ಮಿ, ಅಡಗುವುದು ಜಾಸ್ತಿ.

ಇಂಥ ಊರಿನಿಂದ ನಾವು ಮೂವರು ಗೋವಾಕ್ಕೆ ಹೋದೆವು. ನಾನು, ಕಾಮರ್ಸಿನ ನಾಗರಾಜ ಮೇಷ್ಟ್ರು, ಆಗಷ್ಟೇ ನೌಕರಿ ಸಿಕ್ಕಿದ್ದ ವೀರೇಶ.

ಆ ಊರಿನ ಸಂಜೆ ನೋಡಬೇಕು! ಸಮುದ್ರದ ಉದ್ದಕ್ಕೂ ಬಾರು. ಬಾಗಿಲೇ ಇಲ್ಲದ ಬಾರು. ಮದುವೆ ಮನೆಯ ಹಾಗೆ ಸೀರಿಯಲ್ ಸೆಟ್ಟು. ಗಂಡ, ಹೆಂಡತಿ, ಅತ್ತೆ, ತೊಡೆಯ ಮೇಲೆ ಮಗು, ಎಲ್ಲ ಒಂದೇ ಟೇಬಲಿಗೆ. ಮುದುಕನೊಬ್ಬ ಗಿಟಾರ್ ಬಾರಿಸುತ್ತಿದ್ದ. ಯಾರೂ ಯಾರನ್ನೂ ನೋಡುತ್ತಿಲ್ಲ, ಯಾರೂ ಅಡಗುತ್ತಿಲ್ಲ. ಕುರ್ಚಿಗಳನ್ನೆಲ್ಲ ಸಮುದ್ರದ ಕಡೆಗೆ ಹಾಕಿದ್ದರು.

ನಾಗರಾಜ ಮೇಷ್ಟ್ರು ಒಳಗೆ ಬಂದವರೇ ಕುರ್ಚಿ ತಿರುಗಿಸಿದರು. ನಾನೂ ತಿರುಗಿಸಿದೆ. ಇಬ್ಬರೂ ಗೋಡೆಗೆ ಮುಖ ಮಾಡಿ, ಇಡೀ ಅರಬ್ಬೀ ಸಮುದ್ರಕ್ಕೆ ಬೆನ್ನು ಹಾಕಿ ಕೂತೆವು. "ಕೊಟ್ಟೂರಿನವರು ಯಾರರ ಬಂದ್ರ?" ಎಂದರು. ಮಾಣಿ ಬಂದು ಹಿಂದಿಯಲ್ಲಿ, ಸಾಬ್, ಸಮುದ್ರ ಆ ಕಡೆ ಇದೆ ಎಂದ. "ಗೊತ್ತೈತಿ ಹೋಗಪಾ," ಎಂದರು ಮೇಷ್ಟ್ರು ಕನ್ನಡದಲ್ಲಿ.

ವೀರೇಶ ನಮ್ಮ ಜೊತೆ ಕೂರಲಿಲ್ಲ. ಗುರುಗಳ ಎದುರು ಗ್ಲಾಸು ಹಿಡಿಯುವುದುಂಟೇ? ನಮ್ಮ ಹಿಂದೆ ಬೇರೆ ಟೇಬಲಿಗೆ ಹೋದ. ಆ ಗ್ಲಾಸಿನಲ್ಲಿ ಏನಿತ್ತು? ಪ್ರಶ್ನೆ ಅದೇ.

ನನ್ನ ತಲೆಯಲ್ಲಿ ಒಂದು ಚಿತ್ರವಿದೆ. ವೀರೇಶ, ಎತ್ತರದ ಗ್ಲಾಸು, ಅದರಲ್ಲಿ ಹಳದಿ ಬಣ್ಣದ್ದೇನೋ. ಚಿತ್ರ ಸ್ಪಷ್ಟ. ಆದರೆ ಸ್ಪಷ್ಟವಾಗಿರುವುದೆಲ್ಲ ನಿಜವೇ? ನನಗೆ ಬಾಲ್ಯದ ಒಂದು ಬಿಳಿ ಕುದುರೆ ಕೂಡ ಸ್ಪಷ್ಟವಾಗಿ ನೆನಪಿದೆ. ನಮ್ಮ ಮನೆಯಲ್ಲಿ ಕುದುರೆ ಇರಲೇ ಇಲ್ಲ ಎನ್ನುತ್ತಾಳೆ ಅವ್ವ.

ನಾಗರಾಜ ಮೇಷ್ಟ್ರನ್ನು ಕೇಳಿದೆ.

"ಜ್ಯೂಸ್ ಕುಡಿಯಾವ ಬ್ಯಾರೆ ಟೇಬಲ್ಲಿಗೆ ಯಾಕ ಹೋಗ್ತಾನಲೇ?" ಎಂದರು. ಅದೂ ನಿಜ. ಸ್ವಲ್ಪ ತಡೆದು, "ಅಲ್ಲಾ, ನಾವು ಗೋವಾಕ್ಕ ಹೋಗಿದ್ದು ನಿಮ್ಮ ಮನಿಯಾಗ ಗೊತ್ತೈತೇನು? ನಮ್ಮನಿಯಾಗ ಗೋಕರ್ಣ ಅಂತ ಹೇಳೇನಿ," ಎಂದರು. ಈ ಸಾಕ್ಷಿಯೂ ಹೋಯಿತು.

ಆದರೆ ರಾತ್ರಿ ಮಲಗಿದಾಗ ಹೊಳೆಯಿತು. ನಾನು ಕೂತಿದ್ದು ಗೋಡೆಗೆ ಮುಖ ಮಾಡಿ. ವೀರೇಶ ಕೂತಿದ್ದು ನನ್ನ ಹಿಂದೆ. ಬೆನ್ನ ಹಿಂದಿನ ಗ್ಲಾಸು ನನಗೆ ಕಾಣಲು ಸಾಧ್ಯವೇ? ಇಲ್ಲ. ಅಂದಮೇಲೆ ಹಳದಿ ಗ್ಲಾಸಿನ ಚಿತ್ರ ಬಿಳಿ ಕುದುರೆಯ ಜಾತಿಯದು. ಅದನ್ನು ತೆಗೆದುಹಾಕಿದರೆ ಹುಡುಗನ ವಿರುದ್ಧ ಉಳಿಯುವ ಆಧಾರ ಏನು? ಏನೂ ಇಲ್ಲ. ಎದ್ದು ಲೈಟ್ ಹಾಕಬೇಕೆನಿಸುವಷ್ಟು ಖುಷಿಯಾಯಿತು.

ಭಾನುವಾರವೇ ಹಡಗಲಿ ಬಸ್ ಹತ್ತಿದೆ.

ಶಿವಣ್ಣನವರು ಮನೆಯಲ್ಲೇ ಇದ್ದರು. ಹೊಸ ಮಾಲು ಬಂದಿತ್ತು. ಸೀರೆ ತರಲು ಅವರೇ ಬೆಳಗಾವಿಗೆ ಹೋಗುತ್ತಾರೆ, ವರ್ಷಕ್ಕೆರಡು ಸಲ, ಮೂವತ್ತು ವರ್ಷದಿಂದ. ಅವರ ಮನೆಯವರು, ಗೌರಮ್ಮ, ಪಡಸಾಲೆಯಲ್ಲಿ ಕೂತು ಆ ಸೀರೆಗಳ ಮಡಿಕೆ ಸರಿ ಮಾಡುತ್ತಿದ್ದರು. ಒಳಗಿನ ಬಾಗಿಲ ಹಿಂದೆ ಬಳೆ ಸದ್ದು. ಸುಮಂಗಲಾ ಇರಬೇಕು.

"ಯಜಮಾನ್ರ, ಅವತ್ತು ನಾನು ತಪ್ಪು ಹೇಳಿದೆ," ಎಂದು ಶುರುಮಾಡಿದೆ. "ಹುಡುಗ ಕುಡಿದಿರಲಿಲ್ಲ. ಬೇಕಾದ್ರ ಆಣೆ ಮಾಡ್ತೀನಿ."

ಅವರ ಮುಖ ಇನ್ನಷ್ಟು ಸಣ್ಣದಾಯಿತು. "ಆಣಿ ಮಾಡೋ ಮಟ್ಟಕ್ಕ ಬಂತೇನ್ರಿ ಹುಡುಗನ ಕತಿ?"

ಆಣೆ ಬಿಟ್ಟು ತರ್ಕಕ್ಕೆ ಬಂದೆ. ಬಾರಿನ ಹೆಸರು ಹೇಳಿದೆ. ಹೊರಗೆ ದೊಡ್ಡ ಕೆಂಪು ಮೀನಿನ ಬೋರ್ಡು ಇದ್ದದ್ದನ್ನು ಹೇಳಿದೆ. ಕುರ್ಚಿ ತಿರುಗಿಸಿದ್ದನ್ನೂ, ನನ್ನ ತಲೆಯಲ್ಲಿದ್ದ ಹಳದಿ ಗ್ಲಾಸಿನ ಚಿತ್ರವನ್ನೂ ಹೇಳಿದೆ. ಆ ಟೇಬಲಿನಲ್ಲಿ ನಾನು ಬೀರು ಕುಡಿಯುತ್ತಿದ್ದೆ ಎಂಬುದನ್ನೂ ಮುಚ್ಚಿಡಲಿಲ್ಲ. ಗೌರಮ್ಮನವರ ಕೈ ಸೀರೆಯ ಮೇಲೆ ಒಂದು ಕ್ಷಣ ನಿಂತು ಮತ್ತೆ ಹೊರಟಿತು. ಕೊನೆಗೆ ಹೇಳಿದೆ: "ನಾನು ಗೋಡೆಗೆ ಮುಖ ಮಾಡಿ ಕೂತವನು. ಹಿಂದೆ ಕೂತವನ ಗ್ಲಾಸು ನನಗ ಕಾಣಾಕ ಸಾಧ್ಯಾನ ಇಲ್ಲ. ಅಂದಮ್ಯಾಲೆ ನಾನು ಕಂಡಿದ್ದು ಬರೀ ಭ್ರಮೆ."

ಶಿವಣ್ಣನವರು ವ್ಯಾಪಾರಸ್ಥರು. ತಪ್ಪು ಅಳತೆಯನ್ನು ಅವರು ತಡೆದುಕೊಳ್ಳುವುದಿಲ್ಲ.

"ಹಂಗ ಹೆಂಗಂತೀರಿ ಸರ? ಆ ಗ್ವಾಡಿಗೆ ಅಡ್ಡಡ್ಡ ಕನ್ನಡಿ ಹಾಕ್ಯಾರಲ್ಲ. ಹಿಂದ ಕುಂತೋರ ಗಲಾಸಿನಾಗಿನ ಬರ್ಫ್ ಸೈತ ಕಾಣ್ತೈತಿ."

ಹೌದು, ಕನ್ನಡಿ! ಇಡೀ ಗೋಡೆಗೆ ಕನ್ನಡಿ ಇತ್ತು. ಅಡಗಲೆಂದು ತಿರುಗಿ ಕೂತವರ ಮುಖ ಇಡೀ ಬಾರಿಗೆ ಕಾಣುತ್ತಿತ್ತು! ನನ್ನ ತರ್ಕ ಬಿತ್ತು. ನೆನಪು ಗೆದ್ದಿತು. ಹುಡುಗ ಸೋತ.

ಗೌರಮ್ಮನವರು ಕೈಯಲ್ಲಿದ್ದ ಸೀರೆಯ ಮಡಿಕೆ ಮುಗಿಸಿದರು. ಅದನ್ನು ಉಳಿದವುಗಳ ಮೇಲಿಟ್ಟರು. ಆಮೇಲೆ ತಲೆ ಎತ್ತಿದರು.

"ಬೆಳಗಾವಿಯಾಗ ಸೀರಿ ಅಂಗಡಿಗೆ ಕನ್ನಡಿ ಇರ್ತಾವ ಅಂತ ಗೊತ್ತಿತ್ತು. ಈ ಕನ್ನಡಿ ಯಾವಾಗ ನೋಡಿದ್ರಿ?"

ಶಿವಣ್ಣನವರು ನನ್ನ ಕಡೆ ನೋಡಿದರು. ನಾನು ಸೀರೆಗಳ ಕಡೆ ನೋಡಿದೆ. ಒಳ್ಳೆಯ ಬಣ್ಣಗಳು.

"ಅದು... ನನಗ ಅಷ್ಟಾಗಿ ನೆನಪಿಲ್ಲ," ಎಂದರು.

ಬಾಗಿಲ ಹಿಂದೆ ಯಾರೋ ನಕ್ಕು, ಬಾಯಿ ಮುಚ್ಚಿಕೊಂಡ ಸದ್ದು.

"ಮೂವತ್ತು ವರ್ಷ ಬಾಳೇವು ಮಾಡೇನಿ, ಸರ," ಎಂದರು ಗೌರಮ್ಮ ನನ್ನ ಕಡೆ ತಿರುಗಿ. "ಒಂದಿನ ನನ್ನ ಮ್ಯಾಲೆ ಕೈ ಎತ್ತಿಲ್ಲ, ಅಂಗಡಿ ಬಾಗಲಾ ತಡ ಮಾಡಿ ತಗದಿಲ್ಲ. ಕನ್ನಡಿ ನೋಡಿ ಬಂದೋರು ಹಿಂಗ ಇರ್ತಾರ ಅಂದ್ರ, ಆ ಹುಡುಗನೂ ಇದ್ದಾನು. ಮುಂದಿನ ಸೋಮವಾರ ಅವರ ಮನಿಯವರ್ನ ಬರಾಕ ಹೇಳ್ರಿ." ಆಮೇಲೆ ಗಂಡನ ಕಡೆ ನೋಡದೆಯೇ ಸೇರಿಸಿದರು: "ಇನ್ನ ಮ್ಯಾಲೆ ಬೆಳಗಾವಿಗೆ ನಾನೂ ಬರ್ತೀನಿ. ಸೀರಿ ಆರಿಸಾಕ."

ಸೋಮವಾರ ಮಾತುಕತೆ ಮುಗಿಯಿತು. ಎಲೆ ಅಡಿಕೆ ಆಯಿತು. ವೀರೇಶ ನನ್ನ ಕಾಲಿಗೆ ಬಿದ್ದು, "ಸರ, ನಿಮ್ಮ ತರ್ಕದಿಂದ ಉಳದೆ," ಎಂದ. ಅವನಿಗೆ ನಿಜ ಹೇಳಲು ಹೋಗಲಿಲ್ಲ.

(ಎಲ್ಲರ ಹೆಸರು ಬದಲಿಸಿದ್ದೇನೆ. ಊರುಗಳದ್ದು ಬದಲಿಸಿಲ್ಲ, ಊರುಗಳಿಗೆ ಮದುವೆ ಆಗಬೇಕಿಲ್ಲವಲ್ಲ.)

ನಮ್ಮೂರ ಬಾರುಗಳಲ್ಲಿ ಯಾಕೆ ಕನ್ನಡಿ ಇಲ್ಲ ಎಂದು ಈಗ ಅರ್ಥವಾಗಿದೆ. ನಾವು ಪರದೆ ಹಾಕಿಕೊಂಡು, ದೀಪ ಸಣ್ಣದು ಮಾಡಿ, ಗಿರಣಿ ಮುಂದೆ ಬೈಕು ನಿಲ್ಲಿಸಿ ಇಷ್ಟು ವರ್ಷ ಅಡಗಿದ್ದು ಯಾರಿಂದ? ಎಲ್ಲರೂ ಅಡಗಿದ ಮೇಲೆ ಹುಡುಕಲು ಊರಲ್ಲಿ ಉಳಿದವರಾದರೂ ಯಾರು?

ಆ ಬಾರು ಮಾತ್ರ ಈಗ ದಿನಕ್ಕೊಮ್ಮೆಯಾದರೂ ಕಣ್ಣ ಮುಂದೆ ಬರುತ್ತದೆ. ಕನ್ನಡಿಯಲ್ಲಿ ದೀಪಗಳು, ಹಿಂದೆ ಸಮುದ್ರ, ವೀರೇಶ, ಕೈಯಲ್ಲಿ ಹಳದಿ ಗ್ಲಾಸು. ಗ್ಲಾಸಿನ ಮೇಲೆ ನೊರೆ ಇತ್ತೇ ಎಂದು ಕೇಳುತ್ತೀರಾ?

ನನಗೆ ಅಷ್ಟಾಗಿ ನೆನಪಿಲ್ಲ.